ಗಡಿ ದಾಟಿದರಷ್ಟೇ ಸಾಕೇ?

ವಿದೇಶದಲ್ಲಿ ಒಂದು ಸೆಮಿಸ್ಟರ್ ಓದಿ ಬಂದ ವಿದ್ಯಾರ್ಥಿಗೆ ಅನ್ಯ ಸಂಸ್ಕೃತಿಯವರನ್ನು ಅರಿತು ನಡೆಯುವ ಸಾಮರ್ಥ್ಯ ತಾನಾಗಿಯೇ ಬರುತ್ತದೆ ಎಂದು ನಂಬುವವರು ಬಹಳ. 1987ರಲ್ಲಿ ಯುರೋಪಿನಲ್ಲಿ ಎರಾಸ್ಮಸ್ ವಿನಿಮಯ ಯೋಜನೆ ಆರಂಭವಾದಂದಿನಿಂದ ಲಕ್ಷಾಂತರ ವಿದ್ಯಾರ್ಥಿಗಳು ಹೀಗೆ ಗಡಿ ದಾಟಿದ್ದಾರೆ. ಆದರೆ ಗಡಿ ದಾಟುವುದು ಕಲಿಕೆಗೆ ಅವಕಾಶವೇ ಹೊರತು ಕಲಿಕೆಯಲ್ಲ.

ಅಂತರ್‌ಸಾಂಸ್ಕೃತಿಕ ಸಾಮರ್ಥ್ಯವೆಂದರೆ ಪರದೇಶದ ಊಟ, ಉಡುಪು, ಭಾಷೆಯ ಪರಿಚಯವಷ್ಟೇ ಅಲ್ಲ. ಮೈಕೆಲ್ ಬೈರಮ್ ಅವರು 1997ರಲ್ಲಿ ಮಂಡಿಸಿದ ಮಾದರಿಯಲ್ಲಿ ಜ್ಞಾನದ ಜೊತೆಗೆ ಮನೋಭಾವ, ಅರ್ಥೈಸುವ ಮತ್ತು ಕಂಡುಕೊಳ್ಳುವ ಕೌಶಲಗಳು, ವಿಮರ್ಶಾತ್ಮಕ ಅರಿವು ಸೇರಿವೆ. ತನ್ನ ರೂಢಿಯೂ ಹಲವು ರೂಢಿಗಳಲ್ಲಿ ಒಂದು ಎಂದು ಕಾಣುವುದೇ ಇದರ ತಿರುಳು. ವಿದೇಶದ ವಸತಿನಿಲಯದಲ್ಲೂ ತನ್ನ ನಾಡಿನವರೊಡನೆಯೇ ಉಂಡು, ಹರಟಿ ಬಂದವನಿಗೆ ಇದು ದಕ್ಕುವುದು ಕಷ್ಟ. ಹೋಗುವಾಗ ಇದ್ದ ಪೂರ್ವಗ್ರಹವೇ ‘ಕಣ್ಣಾರೆ ಕಂಡಿದ್ದೇನೆ’ ಎಂಬ ಬಲ ಪಡೆದು ಮರಳಬಹುದು.

ಅಮೆರಿಕದಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 61 ವಿದೇಶ ವ್ಯಾಸಂಗ ಕಾರ್ಯಕ್ರಮಗಳ ಅಧ್ಯಯನ ನಡೆದು, 2009ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅನುಭವವನ್ನು ಅಲ್ಲಿಯೇ ಕುಳಿತು ಚರ್ಚಿಸುವ ಮಾರ್ಗದರ್ಶಕರಿದ್ದ ವಿದ್ಯಾರ್ಥಿಗಳಲ್ಲಿ ಬೆಳವಣಿಗೆ ಹೆಚ್ಚು ಎಂಬುದು ಅದರ ಮುಖ್ಯ ಅಂಶ. ಒಬ್ಬರೇ ಎಡವಿ ಕಲಿಯಲಿ ಎನ್ನುವವರಿದ್ದಾರೆ. ಎಡವಿದವರೆಲ್ಲ ಕಲ್ಲು ಯಾವುದೆಂದು ತಿರುಗಿ ನೋಡುವುದಿಲ್ಲ. ನೋಡುವಂತೆ ಮಾಡುವುದೇ ಮಾರ್ಗದರ್ಶಕರ ಕೆಲಸ.

ಈ ಮಾತು ವಿಮಾನ ಹತ್ತುವವರಿಗೆ ಮಾತ್ರವಲ್ಲ, ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೂ ಸಲ್ಲುತ್ತದೆ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಇಲ್ಲವೇ ತುಳು ಆಡುವ ಮಕ್ಕಳು ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿದ್ದಾರೆ. ಪ್ರಶ್ನೆ ಕೇಳಿದಾಗ ಮಗು ತಲೆ ತಗ್ಗಿಸಿ ಸುಮ್ಮನೆ ನಿಂತರೆ ‘ಆಸಕ್ತಿಯಿಲ್ಲ’ ಎಂದು ಬರೆದುಬಿಡುವುದು ಸುಲಭ. ಅದು ಹಿರಿಯರೆದುರಿನ ಮರ್ಯಾದೆಯೋ, ಭಾಷೆಯ ಅಂಜಿಕೆಯೋ ಎಂದು ವಿಚಾರಿಸದಿದ್ದರೆ ಆ ಮಗುವಿಗೆ ಅಂದೇ ಹಣೆಪಟ್ಟಿ ಅಂಟುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಪ್ರಶಿಕ್ಷಣಾರ್ಥಿಯ ದಿನಚರಿಯಲ್ಲಿ ಮೂರು ಅಂಕಣಗಳಿರಲಿ: ಕಂಡದ್ದೇನು, ನಾನು ಊಹಿಸಿದ್ದೇನು, ಬೇರೆ ಏನಿರಬಹುದು. ಮಾರ್ಗದರ್ಶಕ ಉಪನ್ಯಾಸಕರು ಪೀಠಿಕೆ, ಕಪ್ಪುಹಲಗೆಯ ಬಳಕೆ, ಧ್ವನಿಯ ಏರಿಳಿತಗಳ ಜೊತೆಗೆ ಮೂರನೆಯ ಅಂಕಣದ ಕುರಿತೂ ವಾರಕ್ಕೊಮ್ಮೆ ಚರ್ಚಿಸಲಿ. ಇದಕ್ಕೆ ಹಣ ಬೇಡ, ಸಮಯ ಬೇಕು. ಆ ಸಮಯ ಕೊಡದೆ ವಿದ್ಯಾರ್ಥಿಗಳನ್ನು ಪಕ್ಕದ ತಾಲ್ಲೂಕಿಗೆ ಕಳಿಸಿದರೂ ಪರದೇಶಕ್ಕೆ ಕಳಿಸಿದರೂ ಸಿಗುವುದು ಹಾಜರಾತಿ ಮಾತ್ರ.