ಕಡುಗಪ್ಪಾದ ಕೂದಲಿಗೆ ಅಡುಗೆ ಸೋಡಾ ಮದ್ದಲ್ಲ

ಮನೆಯಲ್ಲಿ ಹಚ್ಚಿದ ಡೈ ತೀರಾ ಕಪ್ಪಾದರೆ ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ತಿಕ್ಕಿ, ಹೋಗದಿದ್ದರೆ ಮೇಲೊಂದು ಕೋಟು ಮೆಹಂದಿ ಹಚ್ಚಿ ಎಂದು ಕಳೆದ ಸಂಚಿಕೆಯ ಸೌಂದರ್ಯ ಅಂಕಣ ಹೇಳಿದೆ. ಎರಡೂ ತಪ್ಪು. ಎರಡನೆಯದಂತೂ ಅಪಾಯಕಾರಿ.

ಶಾಶ್ವತ ಡೈ ಕೂದಲಿನ ಮೇಲೆ ಬಳಿದ ಬಣ್ಣವಲ್ಲ. ಅಮೋನಿಯಾ ಹೊರಪದರವನ್ನು ಸಡಿಲಿಸುತ್ತದೆ. ಒಳಹೊಕ್ಕ ಸಣ್ಣ ಅಣುಗಳು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ವರ್ತಿಸಿ, ದೊಡ್ಡದಾಗಿ, ಅಲ್ಲೇ ಸಿಕ್ಕಿಕೊಳ್ಳುತ್ತವೆ. ನಿಂಬೆಯ ಹುಳಿ, ಸೋಡಾದ ಕ್ಷಾರ ಒಂದನ್ನೊಂದು ಅಳಿಸುತ್ತವೆ. ಸೋಡಾ ಹೆಚ್ಚಾದರೆ ಕೂದಲು ಒರಟಾಗುತ್ತದೆ, ಅಷ್ಟೇ.

ಇನ್ನು ಮೆಹಂದಿ. ಅಂಗಡಿಯ ಎಷ್ಟೋ 'ಕಪ್ಪು ಮೆಹಂದಿ' ಪೊಟ್ಟಣಗಳಲ್ಲಿರುವುದು ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕವೇ. ಕೆಲವದರಲ್ಲಿ ಲೋಹದ ಲವಣಗಳೂ ಇರುತ್ತವೆ. ಅಂಥ ಮೆಹಂದಿಯ ಮೇಲೆ ಪಾರ್ಲರ್‌ನಲ್ಲಿ ಬ್ಲೀಚ್ ಹಾಕಿದರೆ ಕೂದಲು ಬಿಸಿಯೇರಿ ತುಂಡಾಗಬಹುದು. ಏನೇನು ಹಚ್ಚಿದ್ದೀರೆಂದು ಪಾರ್ಲರ್‌ನವರಿಗೆ ಮುಚ್ಚಿಡದೆ ಹೇಳಿ.

ಮಾಡಬಹುದಾದದ್ದು ಇದೆ. ಮೊದಲ ಕೆಲವು ದಿನ ತಲೆಹೊಟ್ಟಿನ ಶಾಂಪೂ ಹಾಕಿ ತೊಳೆದು, ಪ್ರತಿ ಸಲವೂ ಕಂಡಿಷನರ್ ಹಚ್ಚಿ. ಕಡುಗಪ್ಪು ತುಸು ಇಳಿಯುತ್ತದೆ. ತಿಳಿ ಬಣ್ಣದ ಇನ್ನೊಂದು ಡೈ ಹಚ್ಚಬೇಡಿ, ಡೈಯನ್ನು ಡೈ ತಿಳಿಯಾಗಿಸದು. ಬ್ಲೀಚ್ ಮಾಡಿ ಕಿತ್ತಳೆಯಾಗಿದ್ದರೆ ನೀಲಿ ಟೋನರ್, ಹಳದಿಯಾಗಿದ್ದರೆ ನೇರಳೆ. ತೇಪೆ ತೇಪೆಯಾಗಿದ್ದರೆ ಪರಿಣತರ ಕೈಗೆ ಬಿಡಿ.

ನನಗೆ ಸಿಟ್ಟು ಬಂದದ್ದು ಅಂಕಣ ಬಿಟ್ಟ ಮಾತಿಗೆ. ನೆತ್ತಿ ಉರಿದರೆ, ಕಣ್ಣುರೆಪ್ಪೆ ಊದಿದರೆ ಅದು ಪಿಪಿಡಿ ಅಲರ್ಜಿ ಇರಬಹುದು. ವರ್ಷಗಟ್ಟಲೆ ಒಗ್ಗಿದವರಿಗೂ ಬರುತ್ತದೆ. ಆಗ ಬಣ್ಣದ ಚಿಂತೆ ಬಿಟ್ಟು ತಲೆ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಮುಂದಿನ ಸಂಚಿಕೆಯಲ್ಲಿ ಇಷ್ಟನ್ನಾದರೂ ಅದೇ ಜಾಗದಲ್ಲಿ ಅಚ್ಚುಹಾಕಿ.