ಹಳೆಯ ಜೀಪಿನ ವ್ಯಾಪಾರವೂ ನಮ್ಮ ಹಕ್ಕೂ



ಮಂಡಿಯಲ್ಲಿ ನಮ್ಮ ಅಡಿಕೆ ಚೀಲ ಬಿಚ್ಚಿದಾಗ ರಾಶಿಯ ನಡುವೆ ನಾಲ್ಕು ಗೊರಬಲು ಕಂಡರೂ ದರ ಇಳಿಯುತ್ತದೆ. ಕಾಫಿ ಕೊಳ್ಳುವವರಂತೂ ತೇವಾಂಶ ನೋಡದೆ, ಔಟ್‌ಟರ್ನ್ ತೆಗೆಯದೆ ಬೆಲೆಯನ್ನೇ ಹೇಳುವುದಿಲ್ಲ. ಇಷ್ಟೆಲ್ಲ ಪರೀಕ್ಷೆಗೆ ತಲೆ ಕೊಟ್ಟು ಸಂಪಾದಿಸಿದ ಹಣವನ್ನು ಹಳೆಯ ವಾಹನಕ್ಕೆ ಸುರಿಯುವಾಗ ಮಾತ್ರ ಬಾನೆಟ್ ಎತ್ತಿ ಇಣುಕಿ, ಟೈರಿಗೊಂದು ಒದೆ ಕೊಟ್ಟು, ‘ಪರವಾಗಿಲ್ಲ’ ಎಂದುಬಿಡುತ್ತೇವೆ. ಬೇರೆಯವರನ್ನು ಹಂಗಿಸಲು ಹೇಳುತ್ತಿಲ್ಲ. ಇದು ಸ್ವತಃ ನಾವೇ ಮಾಡಿದ್ದು.

2023ರ ಕೊನೆಯಲ್ಲಿ ಮನೆಯವರ ತವರಾದ ಉರಿಗಾಂಗೆ ಹೋಗಿದ್ದೆವು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರ ಊರದು. ಜನ ಒಳ್ಳೆಯವರು, ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಅಲ್ಲಿಯ ಹಳೆಯ ವಾಹನಗಳ ವ್ಯಾಪಾರಿಯೊಬ್ಬನ ಅಂಗಳದಲ್ಲಿ ಕೆಎ 08 ನೋಂದಣಿಯ ಡೀಸೆಲ್ ಜೀಪೊಂದು ಕಣ್ಣಿಗೆ ಬಿತ್ತು. ಮೀಟರಿನಲ್ಲಿ 78 ಸಾವಿರ ಕಿಲೋಮೀಟರ್. ‘ಒಬ್ಬರೇ ಓಡಿಸಿದ ಗಾಡಿ ಸಾರ್, ಇಂಜಿನ್ ಮುಟ್ಟೇ ಇಲ್ಲ’ ಎಂದ. ‘ಭಾವ, ನಮ್ಮ ಮೆಕ್ಯಾನಿಕ್ಕಿಗೆ ಒಂದು ಸಲ ತೋರಿಸೋಣ, ನಾಳೆ ಬರ್ತಾನೆ’ ಎಂದು ಭಾವಮೈದುನ ಹೇಳಿದ್ದು ನಿಜ. ಆದರೆ ತೋಟದಲ್ಲಿ ಕೊಯ್ಲು ನಡೆದಿತ್ತು, ನಮಗೆ ನಾಳೆಯವರೆಗೆ ನಿಲ್ಲುವ ವ್ಯವಧಾನವಿರಲಿಲ್ಲ. 3 ಲಕ್ಷ 40 ಸಾವಿರ ಕೊಟ್ಟು ಹೊರಟೆವು.

ಬೇಲೂರು ದಾಟಿದ ಮೇಲೆ ಇಂಜಿನ್ ಕಾದು ನಿಂತಿತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದೆ! ನಮ್ಮ ಮೆಕ್ಯಾನಿಕ್ ಬಿಚ್ಚಿ ನೋಡಿ, ಹೆಡ್ ಬಿರುಕು ಬಿಟ್ಟಿದೆ, ಹಿಂದೊಮ್ಮೆ ಬೆಸುಗೆ ಹಾಕಿದ ಗುರುತೂ ಇದೆ ಎಂದ. ರಿಪೇರಿಗೆ 85 ಸಾವಿರವಾಯಿತು. ಆಮೇಲೆ ಕಂಪನಿಯ ಸರ್ವೀಸ್ ದಾಖಲೆ ತೆಗೆಸಿದರೆ ಎರಡು ವರ್ಷದ ಹಿಂದೆಯೇ ಆ ಗಾಡಿ 1 ಲಕ್ಷ 60 ಸಾವಿರ ಕಿಲೋಮೀಟರ್ ಓಡಿತ್ತು.

ವ್ಯಾಪಾರಿಗೆ ಫೋನ್ ಮಾಡಿದೆವು. ‘ಸೆಕೆಂಡ್ ಹ್ಯಾಂಡ್ ಗಾಡಿಗೆ ಗ್ಯಾರಂಟಿ ಯಾರು ಕೊಡ್ತಾರೆ ಸಾರ್?’

ಈ ಒಂದು ಮಾತಿಗೆ ನಮ್ಮ ಸದಸ್ಯರಲ್ಲಿ ಎಷ್ಟು ಜನ ಬಾಯಿ ಮುಚ್ಚಿಕೊಂಡು ನಷ್ಟ ನುಂಗಿದ್ದಾರೋ! ಆದರೆ ಕಾನೂನು ಹಾಗೆ ಹೇಳುವುದಿಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹೊಸದಕ್ಕೊಂದು, ಹಳೆಯದಕ್ಕೊಂದು ನ್ಯಾಯವಿಲ್ಲ. ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ವಸ್ತುವಿನಲ್ಲಿ ಇಲ್ಲದಿದ್ದರೆ ಅದೂ ದೋಷವೇ. ಬಾಯಿಮಾತೂ ಇದರಲ್ಲಿ ಬಂತು, ಆದರೆ ಅದನ್ನು ರುಜುವಾತುಪಡಿಸುವ ಹೊರೆ ನಮ್ಮದು. ಬಿಲ್ಲು ಕೊಡದಿರುವುದನ್ನೂ ಈ ಕಾಯ್ದೆ ಅನುಚಿತ ವ್ಯಾಪಾರವೆಂದೇ ಎಣಿಸುತ್ತದೆ. ಹತ್ತು ವರ್ಷದ ಗಾಡಿಯ ಕ್ಲಚ್ಚು ಸವೆದಿದೆ ಎಂದು ದೂರುವುದು ಮಾತ್ರ ನ್ಯಾಯವಲ್ಲ. ಸವಕಳಿ ಬೇರೆ, ಮುಚ್ಚಿಟ್ಟ ಬಿರುಕು ಬೇರೆ. ಇನ್ನು ನೆರೆಮನೆಯವರು ತಮ್ಮ ಸ್ವಂತ ಗಾಡಿಯನ್ನು ಮಾರಿದರೆ ಅವರು ವ್ಯಾಪಾರಿಗಳಲ್ಲ, ಆ ತಗಾದೆಗೆ ಸಿವಿಲ್ ನ್ಯಾಯಾಲಯವೇ ದಾರಿ.

ನೋಟೀಸು ಕೊಟ್ಟಾಗ ಅವರ ವಕೀಲರು ಎರಡು ತಕರಾರು ತೆಗೆದರು. ಮೊದಲನೆಯದು, ನಾವು ಪ್ಲಾಂಟರು, ಕೊಂಡದ್ದು ವಾಣಿಜ್ಯಕ್ಕೆ, ಆದ್ದರಿಂದ ಗ್ರಾಹಕರೇ ಅಲ್ಲ ಎಂಬುದು. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದೇ ಕೊಂಡು ಬಳಸುವ ವಸ್ತುವನ್ನು ಕಾಯ್ದೆ ವಾಣಿಜ್ಯವೆಂದು ಎಣಿಸುವುದಿಲ್ಲ. ಬಿತ್ತನೆ ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 2012ರಲ್ಲೇ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಐದಾರು ಎಕರೆಯ ನಮ್ಮಂಥವರು ಇದಕ್ಕೆ ಹೆದರಬೇಕಾಗಿಲ್ಲ.

ಎರಡನೆಯದೇ ನಮ್ಮನ್ನು ಕೆಡವಿದ್ದು. ಮಾರಿದ ದಿನವೇ ಬಿರುಕಿತ್ತು ಎಂಬುದಕ್ಕೆ ಸಾಕ್ಷಿ ಏನು? ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕಿದೆ, ನಿಜ. ಆದರೆ ಕಳಿಸುವುದೇನನ್ನು? ಹಳೆಯ ಹೆಡ್ಡನ್ನು ಮೆಕ್ಯಾನಿಕ್ ಆಗಲೇ ಗುಜರಿಗೆ ಹಾಕಿಯಾಗಿತ್ತು. ಒಂದು ಫೋಟೋ ಕೂಡ ಇರಲಿಲ್ಲ. ಸಾಲದ್ದಕ್ಕೆ ‘ಇದ್ದ ಸ್ಥಿತಿಯಲ್ಲೇ ಒಪ್ಪಿ ಪಡೆದಿದ್ದೇನೆ’ ಎಂಬ ಚೀಟಿಗೆ ಓದದೆ ಸಹಿ ಹಾಕಿದ್ದೆವು. ಬಿ.ಎ. ಓದಿ, ಸಂಘದ ಕಾರ್ಯದರ್ಶಿಯಾಗಿ, ದಿನವೂ ಹತ್ತು ಕಾಗದ ಓದುವವರ ಕಥೆ ಇದು. ಮೀಟರಿನ ಸುಳ್ಳೊಂದು ದಾಖಲೆ ಸಮೇತ ಸಿಕ್ಕಿದ್ದರಿಂದ ವ್ಯಾಪಾರಿ 50 ಸಾವಿರಕ್ಕೆ ರಾಜಿಗೆ ಬಂದ. ಉಳಿದ 35 ಸಾವಿರ ನಮ್ಮ ಆತುರದ ಬೆಲೆ.

ಇಂಗ್ಲೆಂಡಿನಲ್ಲಿ 2015ರ ಕಾಯ್ದೆಯ ಪ್ರಕಾರ ವ್ಯಾಪಾರಿಯಿಂದ ಕೊಂಡ ಹಳೆಯ ಕಾರಿನಲ್ಲಿ ಆರು ತಿಂಗಳೊಳಗೆ ದೋಷ ಕಂಡರೆ, ಅದು ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಇರಲಿಲ್ಲವೆಂದು ತೋರಿಸುವ ಹೊಣೆ ಮಾರಿದವನದು. ಇದು ಸರಿಯಾದ ನ್ಯಾಯ. ಗಾಡಿಯ ಒಳಗುಟ್ಟು ಬಲ್ಲವನು ಮಾರುವವನೇ ಹೊರತು ಕೊಳ್ಳುವವನಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆ ಮಾಡಿಕೊಂಡು ಇದನ್ನು ವಿವರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಕಾಯ್ದೆಗೂ ಇಂಥದೊಂದು ಕಲಮು ಸೇರಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಅದು ಬರುವವರೆಗೆ ಇರುವ ಅನುಕೂಲವನ್ನಾದರೂ ಬಳಸಿಕೊಳ್ಳೋಣ. ಹಿಂದಿನ 1986ರ ಕಾಯ್ದೆಯಿದ್ದಾಗ ನಾವು ಕೋಲಾರಕ್ಕೆ ಅಲೆಯಬೇಕಾಗುತ್ತಿತ್ತು. ಈಗ ದೂರುದಾರನ ವಾಸಸ್ಥಳದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ನಮಗದು ಚಿಕ್ಕಮಗಳೂರು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಅವಧಿ ಎರಡು ವರ್ಷ. ಮೊದಲು ವಿಚಾರಿಸಿಕೊಳ್ಳಲು 1915 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿ ಇದೆ. 2022ರ ಡಿಸೆಂಬರಿನಲ್ಲಿ ತಿದ್ದಿದ ಮೋಟಾರು ವಾಹನ ನಿಯಮಗಳಂತೆ ಹಳೆಯ ವಾಹನದ ವ್ಯಾಪಾರಿ ಆರ್.ಟಿ.ಓ. ಕಚೇರಿಯ ಅಧಿಕಾರಪತ್ರ ಪಡೆದಿರಬೇಕು. ಅದನ್ನು ಕೇಳಿ ನೋಡಲು ಸಂಕೋಚ ಬೇಡ. ಗಾಡಿ ಕೆಟ್ಟರೆ ಬಿಚ್ಚಿಸುವ ಮೊದಲು ನೋಟೀಸು ಕಳಿಸಿ, ಫೋಟೋ ತೆಗೆಸಿ, ಕಳಚಿದ ಭಾಗವನ್ನು ಗೋಣಿಯಲ್ಲಿ ಕಟ್ಟಿ ಮನೆಯಲ್ಲೇ ಇಟ್ಟುಕೊಳ್ಳಿ.

ಸದಸ್ಯರು ಹಳೆಯ ವಾಹನ ಕೊಳ್ಳುವಾಗ ಜೊತೆಗೆ ಹೋಗಿ ಪರೀಕ್ಷಿಸಿ ಬರೆದುಕೊಡಲು ಸಂಘದ ವತಿಯಿಂದ ಒಬ್ಬ ಮೆಕ್ಯಾನಿಕ್ಕನ್ನು ಗೊತ್ತುಮಾಡುವ ವಿಷಯವನ್ನು ಮುಂದಿನ ಮಹಾಸಭೆಯ ಮುಂದಿಡುತ್ತಿದ್ದೇವೆ. ಖರ್ಚು ಆಯಾ ಸದಸ್ಯರದೇ. ನಮ್ಮ ಉರಿಗಾಂ ಜೀಪು ಈಗ ಚೆನ್ನಾಗಿ ಓಡುತ್ತಿದೆ. ಸಭೆಯ ದಿನ ಅದರಲ್ಲೇ ಬರುತ್ತೇವೆ.