ಕಣದಲ್ಲೇ ತಡೆಯಬೇಕಾದ ಕ್ಯಾನ್ಸರ್

ರಾಶಿ ಹೊತ್ತಿಗೆ ಮಳೆ ಹಿಡಿದ ವರ್ಷ ಬೆಂಬಲ ಬೆಲೆ ಖರೀದಿ ಕೇಂದ್ರಗಳ ಮುಂದೆ ಒಂದೇ ತಕರಾರು. ಕಾಳು ಕಪ್ಪಾಗಿದೆ, ತೇವ ಹೆಚ್ಚಿದೆ, ಖರೀದಿಗೆ ಬೇಕಾದ ಎಫ್‌ಎಕ್ಯೂ ಗುಣಮಟ್ಟವಿಲ್ಲ ಎಂದು ಅಧಿಕಾರಿ ಚೀಲ ವಾಪಸು ಕಳಿಸುತ್ತಾರೆ. ಮಳೆ ನಾವು ತರಿಸಿದೆವೇ ಎಂದು ರೈತರು ಕೇಳುತ್ತಾರೆ. ಜಗಳ ಬೆಲೆಯ ಸುತ್ತಲೇ ಸುತ್ತಿ ಮುಗಿಯುತ್ತದೆ. ವಾಪಸಾದ ಕಾಳು ಎಲ್ಲಿಗೆ ಹೋಯಿತೆಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಸಿಕ್ಕ ಬೆಲೆಗೆ ದಲ್ಲಾಳಿಯ ಕೈಸೇರಿ ಗಿರಣಿಗೆ, ಗಾಣಕ್ಕೆ, ದನದ ಹಿಂಡಿಗೆ ಹೋಗುತ್ತದೆ. ಉಳಿದದ್ದು ಬೆಳೆದವರ ಮನೆಯಲ್ಲೇ ರೊಟ್ಟಿಯಾಗುತ್ತದೆ. ಈ ಪ್ರಶ್ನೆಯನ್ನು ಕೃಷಿ ಇಲಾಖೆಯ ಜೊತೆಗೆ ಆರೋಗ್ಯ ಇಲಾಖೆಯೂ ಹೊರಬೇಕು ಎಂಬುದು ನನ್ನ ವಾದ. ಏಕೆಂದರೆ ಬೂಷ್ಟು ಹಿಡಿದ ಕಾಳು ಯಕೃತ್ತಿನ ಕ್ಯಾನ್ಸರ್‌ಗೆ ಬೀಜ ಹಾಕುತ್ತದೆ.

ಇಂಡಿ, ಸಿಂದಗಿಯ ಭೀಮಾ ದಂಡೆ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಎರೆಹೊಲ, ಎಲ್ಲ ಕಡೆಯೂ ಬರ ಮತ್ತು ಅಕಾಲ ಮಳೆ ಬೆನ್ನಿಗೆ ಬೆನ್ನು ಹಚ್ಚಿ ಬರುತ್ತವೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದ್ದನ್ನು ಯಾರೂ ಮರೆತಿಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರಕ್ಕೆ ಇದೇ ಹದ. ನೀರಿಲ್ಲದೆ ಬಾಡಿದ ಶೇಂಗಾ ಮತ್ತು ಗೋವಿನಜೋಳದಲ್ಲಿ ಅದು ಹೊಲದಲ್ಲೇ ಸೇರಿಕೊಳ್ಳುತ್ತದೆ, ಹಸಿಯಾಗಿ ಚೀಲ ತುಂಬಿದರೆ ಹಬ್ಬುತ್ತದೆ, ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹುರಿದರೂ, ಸುಟ್ಟರೂ ಆ ವಿಷ ಪೂರ್ತಿ ಹೋಗುವುದಿಲ್ಲ.

ಒಬ್ಬಂಟಿಯಾಗಿಯೇ ಅಪಾಯಕಾರಿಯಾದ ಈ ವಿಷಕ್ಕೆ ಜೊತೆಗಾರನೊಬ್ಬನಿದ್ದಾನೆ: ಹೆಪಟೈಟಿಸ್ ಬಿ ವೈರಾಣು. ಅದು ಯಕೃತ್ತಿನ ಕೋಶದ ಬೀಜಕೇಂದ್ರದಲ್ಲಿ ಪುಟ್ಟ ಡಿಎನ್‌ಎ ಉಂಗುರವಾಗಿ ವರ್ಷಾನುಗಟ್ಟಲೆ ತೆಪ್ಪಗೆ ಇರುತ್ತದೆ. ಹೊತ್ತವರಿಗೆ ಜ್ವರವಿಲ್ಲ, ನೋವಿಲ್ಲ. ತಿಂದ ಅಫ್ಲಟಾಕ್ಸಿನ್ ಅದೇ ಕೋಶದಲ್ಲಿ ಇನ್ನಷ್ಟು ಕ್ರಿಯಾಶೀಲವಾಗಿ ಡಿಎನ್‌ಎಗೆ ಅಂಟುತ್ತದೆ. ಕೋಶಗಳು ಹದ್ದುಮೀರದಂತೆ ಕಾಯುವ ಪಿ53 ವಂಶವಾಹಿಯನ್ನು 249ನೇ ಸ್ಥಾನದಲ್ಲಿ ಕೆಡಿಸುತ್ತದೆ. ಇತ್ತ ವೈರಾಣು ತನ್ನ ತುಣುಕುಗಳನ್ನು ನಮ್ಮ ವರ್ಣತಂತುವಿಗೆ ತೂರಿಸುತ್ತದೆ, ಡಿಎನ್‌ಎ ರಿಪೇರಿಗೆ ಅಡ್ಡಬರುತ್ತದೆ. ಉರಿಯೂತದಿಂದ ಸತ್ತ ಕೋಶಗಳ ಜಾಗ ತುಂಬಲು ಉಳಿದವು ಬೇಗಬೇಗ ಒಡೆಯುತ್ತವೆ. ತಪ್ಪು ತಿದ್ದುವಷ್ಟರಲ್ಲಿ ಅದು ಮುಂದಿನ ಪೀಳಿಗೆಯ ಕೋಶಕ್ಕೆ ದಾಟಿರುತ್ತದೆ.

ಶಾಂಘೈನಲ್ಲಿ 18 ಸಾವಿರಕ್ಕೂ ಹೆಚ್ಚು ಗಂಡಸರನ್ನು ಹಿಂಬಾಲಿಸಿದ ಅಧ್ಯಯನ 1994ರಲ್ಲಿ ಕೊಟ್ಟ ಲೆಕ್ಕ ನೋಡಿ. ಅಫ್ಲಟಾಕ್ಸಿನ್ ಒಂದೇ ಇದ್ದವರಲ್ಲಿ ಯಕೃತ್ ಕ್ಯಾನ್ಸರ್ ಅಪಾಯ ಸುಮಾರು 3.4 ಪಟ್ಟು, ವೈರಾಣು ಒಂದೇ ಇದ್ದವರಲ್ಲಿ 7.3 ಪಟ್ಟು, ಎರಡೂ ಇದ್ದವರಲ್ಲಿ 59 ಪಟ್ಟು. ಇದು ಕೂಡಿಸುವ ಲೆಕ್ಕವಲ್ಲ, ಗುಣಿಸುವುದನ್ನೂ ಮೀರಿದ ಲೆಕ್ಕ.

ವೈರಾಣುವಿಗೆ ಲಸಿಕೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಆದರೆ ಹಸುಳೆಗಳಿಗೆ ಅದು ದೇಶದುದ್ದಕ್ಕೂ ದೊರೆತದ್ದು 2011ರ ಹೊತ್ತಿಗೆ. ಇವತ್ತು ಹೊಲದಲ್ಲಿ ದುಡಿಯುವ ತಲೆಮಾರು ಅದಕ್ಕಿಂತ ಮುಂಚಿನದು. ಅವರನ್ನು ಕಾಯುವ ದಾರಿ ಚೀನಾದ ಚಿಡಾಂಗ್‌ನಲ್ಲಿ ಕಂಡಿದೆ. ಅಲ್ಲಿನ ಜನ ಬೂಷ್ಟಿನ ಗೋವಿನಜೋಳ ಬಿಟ್ಟು ಅಕ್ಕಿಗೆ ಬಂದ ಮೇಲೆ, ಲಸಿಕೆ ಕಾಣದ ತಲೆಮಾರಿನಲ್ಲೂ ಯಕೃತ್ ಕ್ಯಾನ್ಸರ್ ಸಾವು ಅರ್ಧದ ಹತ್ತಿರಕ್ಕೆ ಇಳಿಯಿತು. ಶುದ್ಧ ಕಾಳೇ ಔಷಧವಾಯಿತು.

ಹಗೇವಿನ ಕಾಲದಿಂದ ತಿಂದಿದ್ದೇವೆ, ಏನಾಗಿದೆ ಎಂಬ ಮಾತೂ ಕೇಳುತ್ತೇನೆ. 1974ರಲ್ಲಿ ರಾಜಸ್ಥಾನ–ಗುಜರಾತ್ ಗಡಿಯ ಹಳ್ಳಿಗಳಲ್ಲಿ ಬೂಷ್ಟಿನ ಗೋವಿನಜೋಳ ತಿಂದು 106 ಮಂದಿ ಸತ್ತರು. ಅದು ಕಣ್ಣಿಗೆ ಬಿದ್ದ ಸಾವು. ಇಪ್ಪತ್ತು ವರ್ಷ ತಡವಾಗಿ ಬರುವ ಸಾವಿಗೆ ನಾವು ಕಾಮಾಲೆ ಎಂದೋ ಕುಡಿತ ಎಂದೋ ಹೆಸರಿಟ್ಟು ಸುಮ್ಮನಾಗುತ್ತೇವೆ. ಹಳ್ಳಿಗರಷ್ಟೇ ತಿನ್ನುವ ವಿಷವೂ ಇದಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಅಫ್ಲಟಾಕ್ಸಿನ್ ಎಂ1 ಮಿತಿ ಮೀರಿತ್ತು. ದನದ ಹಿಂಡಿಯಿಂದ ಬಂದದ್ದು ಅದು.

ಮಾರುಕಟ್ಟೆಯಲ್ಲಿ ಕಾಳಿಗೆ ಅಫ್ಲಟಾಕ್ಸಿನ್ ಪರೀಕ್ಷೆ ಶುರುವಾದರೆ ರೈತರ ಬೆಲೆ ಕುಸಿಯುತ್ತದೆ ಎಂಬ ಆತಂಕ ಮಾತ್ರ ನಿಜವಾದದ್ದು. ಅದಕ್ಕಾಗಿಯೇ ನಷ್ಟ ಸರ್ಕಾರ ಹೊರಬೇಕು. ಯುರೋಪಿಗೆ ಹೋಗುವ ಶೇಂಗಾಕ್ಕೆ ಅಫ್ಲಟಾಕ್ಸಿನ್ ಪ್ರಮಾಣಪತ್ರ ಕಡ್ಡಾಯ. ಅಲ್ಲಿನವರ ಯಕೃತ್ತಿಗೆ ಇರುವ ಬೆಲೆ ಸಿಂದಗಿಯ ಕೂಲಿಕಾರರ ಯಕೃತ್ತಿಗೆ ಏಕಿಲ್ಲ?

ಬೇಕಾದದ್ದು ದುಬಾರಿಯಲ್ಲ. ಗ್ರಾಮ ಪಂಚಾಯಿತಿಗೊಂದು ಸಿಮೆಂಟ್ ಒಕ್ಕಣೆ ಕಣ, ಬಡವರಿಗೆ ತಾಡಪತ್ರಿ, ತೇವ ಅಳೆಯುವ ಯಂತ್ರ. ನಾಲ್ಕೂ ತಾಲ್ಲೂಕಿನ ಮಾರುಕಟ್ಟೆಗಳಲ್ಲಿ ಅಫ್ಲಟಾಕ್ಸಿನ್ ಪರೀಕ್ಷೆ. ಕೆಟ್ಟ ಕಾಳನ್ನು ಪರಿಹಾರ ಕೊಟ್ಟು ಕೊಂಡು ನಾಶಮಾಡುವ ನಿಧಿ. ಇಂಡಿಯ ಕೃಷಿ ವಿಜ್ಞಾನ ಕೇಂದ್ರ ಒಣಗಿಸುವ ಕ್ರಮ ಕಲಿಸಲಿ. ಹೆಪಟೈಟಿಸ್ ಬಿ ಪರೀಕ್ಷೆ, ಚಿಕಿತ್ಸೆ ಉಚಿತವಾಗಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2018ರಿಂದ ಇದೆ; ಅದು ಆಸ್ಪತ್ರೆಯಲ್ಲಿ ಕಾದು ಕೂರದೆ ಸಂತೆಗೆ, ಖರೀದಿ ಕೇಂದ್ರಕ್ಕೆ ಬರಲಿ. ಕಾಳು ತೂಗುವ ದಿನವೇ ರೈತರ ರಕ್ತವೂ ಪರೀಕ್ಷೆಯಾಗಲಿ. ವಿಷ ಮತ್ತು ವೈರಾಣು ಒಂದೇ ಕೋಶದಲ್ಲಿ ಕೂಡಿ ಕೆಲಸ ಮಾಡುತ್ತಿರುವಾಗ ಎರಡು ಇಲಾಖೆಗಳು ಒಂದೇ ಕಣದಲ್ಲಿ ಕೂಡಲಾರವು ಎಂದರೆ ಅದನ್ನು ನಾವು ಒಪ್ಪಬಾರದು. ಮುಂದಿನ ರಾಶಿಗೆ ಮುಂಚೆ ಈ ತಾಲ್ಲೂಕುಗಳ ಶಾಸಕರು ಇದಕ್ಕೆ ಉತ್ತರ ಕೊಡಲಿ.